ಕೈಬರಹ ಬೇರೆ ಅಂತ ಕಾಗದ ರಿಜೆಕ್ಟ್ ಮಾಡುವ ಮುಂಚೆ

ನಮ್ಮ ಆಫೀಸು ಮೈಸೂರಿನಲ್ಲಿದೆ. ಅಮೆರಿಕದ ಆರ್ಕೈವ್‌ನವರು ಸ್ಕ್ಯಾನ್ ಮಾಡಿ ಕಳಿಸುವ ಹಳೆಯ ಕೈಬರಹವನ್ನು ಟೈಪ್ ಮಾಡಿ ಕೊಡುವುದು ನಮ್ಮ ಕೆಲಸ. ಡಬಲ್ ಕೀಯಿಂಗ್ ಅಂದರೆ ಒಂದೇ ಕಾಗದವನ್ನು ಇಬ್ಬರು ಬೇರೆ ಬೇರೆ ಕೀ ಮಾಡುವುದು, ಅಂದರೆ ಟೈಪ್ ಮಾಡುವುದು; ಎರಡನ್ನೂ ಕಂಪೇರ್ ಮಾಡುವುದು; ಆಮೇಲೆ ಕ್ಯೂಸಿ, ಅಂದರೆ ಕೊನೆಯ ತಪಾಸಣೆ. ಕ್ಯೂಸಿ ನನ್ನದು. ಸದ್ಯ ನಡೆಯುತ್ತಿರುವುದು ಅಲ್ಲಿನ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದ ಪ್ರಾಜೆಕ್ಟ್. 1861ರಿಂದ 1865ರವರೆಗೆ ಸಾಮಾನ್ಯ ಸಿಪಾಯಿಗಳು ಮನೆಗೆ ಬರೆದ ಕಾಗದಗಳು.

ಓದುವುದು ಸುಲಭವಲ್ಲ. ಹಾಳೆ ಸಾಲದಿದ್ದರೆ ಒಮ್ಮೆ ಅಡ್ಡಕ್ಕೆ ಬರೆದು, ಹಾಳೆ ತಿರುಗಿಸಿ ಅದರ ಮೇಲೆಯೇ ಇನ್ನೊಮ್ಮೆ ಬರೆದಿರುತ್ತಾರೆ. ಚುಕ್ಕಿ ಇಲ್ಲ, ಪ್ಯಾರಾ ಇಲ್ಲ. ಸ್ಪೆಲ್ಲಿಂಗ್ ಬಾಯಲ್ಲಿ ಆಡಿದ ಹಾಗೆ. ಆದರೂ ಶುರು ಮಾಡಿದರೆ ಬಿಡಲು ಮನಸ್ಸಾಗುವುದಿಲ್ಲ. ಸಿಪಾಯಿಗಳ ಕಾಗದವನ್ನೆಲ್ಲ ಒಡೆದು ನೋಡುವ ಸೆನ್ಸಾರ್ ಆಗ ಹೆಚ್ಚುಕಡಿಮೆ ಇರಲೇ ಇಲ್ಲ. ಹಾಗಾಗಿ ಹಸಿವು, ಭೇದಿ, ಬಾರದ ಸಂಬಳ, ಆಫೀಸರ್ ಮೇಲಿನ ಸಿಟ್ಟು ಎಲ್ಲವೂ ಅದರಲ್ಲಿರುತ್ತದೆ. ಸ್ಟಾಂಪಿಗೆ ಗತಿಯಿಲ್ಲದ ಉತ್ತರದ ಸಿಪಾಯಿ ಲಕೋಟೆ ಮೇಲೆ ‘ಸೋಲ್ಜರ್ಸ್ ಲೆಟರ್’ ಅಂತ ಬರೆಸಿದರೆ ಸಾಕಿತ್ತು. ಮೂರು ಸೆಂಟ್ ಮನೆಯವರು ಕಟ್ಟಿ ಬಿಡಿಸಿಕೊಳ್ಳುತ್ತಿದ್ದರು.

ಆ ಶುಕ್ರವಾರ ಏಳಕ್ಕೆ ಅಪ್‌ಲೋಡ್ ಇತ್ತು. ಆರೂವರೆ ದಾಟಿತ್ತು. ಒಬ್ಬನೇ ಸಿಪಾಯಿ ಹೆಂಡತಿಗೆ ಬರೆದ ಕಾಗದಗಳ ಬ್ಯಾಚ್. ನಡುವೆ ಮೂರು ಕಾಗದಗಳ ಮೇಲೆ ಟೂಲ್ ಕೆಂಪು ಫ್ಲ್ಯಾಗ್ ಹಾಕಿತ್ತು. ನೋಡಿದರೆ ಕೈಬರಹ ಬೇರೆ. ದುಂಡಗಿನ ಅಕ್ಷರ, ಒಂದೂ ತಪ್ಪಿಲ್ಲ. ನಮ್ಮ ಸ್ಪೆಕ್‌ನಲ್ಲಿ, ಅಂದರೆ ಕೆಲಸದ ನಿಯಮಪಟ್ಟಿಯಲ್ಲಿ, ಒಂದು ಕೈಬರಹಕ್ಕೆ ಒಂದು ಆಥರ್ ಐಡಿ, ಅಂದರೆ ಕಾಗದ ಯಾರದು ಅನ್ನುವ ಗುರುತು. ಯಾರದೋ ಕಾಗದ ಸೇರಿಕೊಂಡಿದೆ ಅಂದುಕೊಂಡು ‘ಮಿಸ್‌ಫೈಲ್ಡ್’ ಸೆಲೆಕ್ಟ್ ಮಾಡಿದೆ. ಕನ್ಫರ್ಮ್ ಒತ್ತುವುದೊಂದು ಬಾಕಿ.

ಅದನ್ನು ಕೀ ಮಾಡಿದ್ದ ಹುಡುಗಿ ಎದ್ದು ಬಂದಳು. ಸೇರಿ ಇನ್ನೂ ಪ್ರೊಬೇಷನ್ ಮುಗಿದಿರಲಿಲ್ಲ.

“ಮೇಡಂ, ರಿಜೆಕ್ಟ್ ಮಾಡಬೇಡಿ. ಅವನದೇ ಅದು.”

“ಅಕ್ಷರ ನೋಡಮ್ಮ.”

“ಅಕ್ಷರ ಬೇರೆಯವರದು. ಕೊನೇ ಸಾಲು ನೋಡಿ, ಕಂದು ಕರು ಮಾರಬೇಡ ಅಂತಾನೆ. ಹಿಂದಿನ ಕಾಗದದಲ್ಲೂ ಅದೇ ಕರು. ನಮ್ಮಜ್ಜಿ ಪೋಸ್ಟ್‌ಮ್ಯಾನ್ ಕೈಲಿ ಬರೆಸ್ತಿದ್ರು ಮೇಡಂ, ಹಂಗೇ ಇದು.”

ಟಿಎಲ್, ಅಂದರೆ ಟೀಮ್ ಲೀಡರ್, ನನ್ನ ಕುರ್ಚಿ ಹಿಂದೆಯೇ ನಿಂತಿದ್ದರು. ನಾನು ಮೂರೂ ಕಾಗದ ಓದಲು ಕೂತೆ. ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಮ್ಯಾನೇಜರ್ ಮೆಸೇಜ್ ಬರುತ್ತಲೇ ಇದ್ದವು.

ಮೊದಲನೆಯದರಲ್ಲಿ ಬಲಗೈಗೆ ‘ಸ್ವಲ್ಪ’ ಏಟಾಗಿದೆ, ಆಸ್ಪತ್ರೆಯಲ್ಲಿದ್ದೇನೆ, ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ ಎಂದಿತ್ತು. ದೇವರ ಚಿತ್ತ, ತಾಳ್ಮೆ, ದೇಶ ಅನ್ನುವ ಮಾತು ಜಾಸ್ತಿ. ಈ ಮನುಷ್ಯ ಅದುವರೆಗೆ ಹಾಗೆ ಬರೆದವನೇ ಅಲ್ಲ. ಅವನ ಕಾಗದದ ತುಂಬ ಜೋಳ, ಸಾಲ, ಮಳೆ. ಮೂರರಲ್ಲೂ ಅವನ ಮಾತು ಅಂತ ಗುರುತು ಸಿಗುವುದು ಕೊನೆಯಲ್ಲಿ ಮಾತ್ರ, ಕರು ಬಂದಾಗ. ಆಮೇಲಿನ ಕಾಗದದಲ್ಲಿ ಅವನದೇ ಅಕ್ಷರ ಮತ್ತೆ ಬರುತ್ತದೆ. ಸೊಟ್ಟಗೆ, ದೊಡ್ಡದಾಗಿ, ಗೆರೆ ಬಿಟ್ಟು. ಅದರಲ್ಲಿ ಅವನು ಹೇಳುತ್ತಾನೆ: ಬೆರಳು ಮಡಚಲು ಬರುವುದಿಲ್ಲ, ರಾತ್ರಿ ನಿದ್ದೆಯಿಲ್ಲ, ಇನ್ನು ನೇಗಿಲು ಹಿಡಿಯುವುದು ಹೇಗೋ ಗೊತ್ತಿಲ್ಲ.

ಇದನ್ನು ಅವನು ಬೇರೆಯವರ ಕೈಲಿ ಬರೆಸಲಿಲ್ಲ. ಬರೆಸುವುದಕ್ಕೆ ಆಗಲಿಲ್ಲವೋ, ಬರೆಯುವವರೇ ಬಿಟ್ಟರೋ. ಎರಡೂ ಆಗಿರಬಹುದು ಅಲ್ವಾ? ಆ ಆಸ್ಪತ್ರೆಗಳಲ್ಲಿ ನರ್ಸ್‌ಗಳು, ಪಾದ್ರಿಗಳು, ಸ್ವಯಂಸೇವಕರು ಮಂಚದ ಪಕ್ಕ ಕೂತು ಕಾಗದ ಬರೆದುಕೊಡುತ್ತಿದ್ದರು. ಕವಿ ವಾಲ್ಟ್ ವಿಟ್ಮನ್ ವಾಷಿಂಗ್ಟನ್ನಿನಲ್ಲಿ ಇದೇ ಕೆಲಸ ಮಾಡಿದ. ಪ್ರೀತಿಯಿಂದಲೇ ಬರೆದರು, ಸಂಶಯವಿಲ್ಲ. ಆದರೆ ಎದುರಿಗೆ ಪಾದ್ರಿ ಪೆನ್ನು ಹಿಡಿದು ಕೂತರೆ ಮನುಷ್ಯ ಪಾದ್ರಿಗೆ ಹೇಳುವ ಮಾತನ್ನೇ ಹೇಳುತ್ತಾನೆ. ಡಿಗ್ರಿಯಲ್ಲಿ ಸೈಕಾಲಜಿ ಓದುವಾಗ ಇದನ್ನು ಬೇರೆ ಕಡೆ ಕಂಡಿದ್ದೆ. ಮನೋವಿಶ್ಲೇಷಣೆ ಶುರು ಮಾಡಿದ ವೈದ್ಯ ಫ್ರಾಯ್ಡ್ ರೋಗಿಯ ಕಣ್ಣಿಗೆ ಬೀಳದ ಹಾಗೆ ಮಂಚದ ಹಿಂದೆ ಕೂರುತ್ತಿದ್ದ. ದಿನವಿಡೀ ಜನ ತನ್ನನ್ನೇ ದಿಟ್ಟಿಸುವುದು ಅವನಿಗೆ ಸಹಿಸಲು ಆಗುತ್ತಿರಲಿಲ್ಲ. ಜೊತೆಗೆ, ತನ್ನ ಮುಖಭಾವ ರೋಗಿಯ ಮಾತಿನ ಮೇಲೆ ಪರಿಣಾಮ ಮಾಡಬಾರದು ಅನ್ನುವುದೂ ಇತ್ತು. 1913ರಲ್ಲಿ ತಾನೇ ಹಾಗೆ ಬರೆದಿದ್ದಾನೆ. ಹಿಂದೆ ಕೂತರೂ ವೈದ್ಯನ ಪ್ರಭಾವ ಪೂರ್ತಿ ಹೋಗುವುದಿಲ್ಲ ಅನ್ನುವುದು ಆ ವಿದ್ಯೆಯ ದೊಡ್ಡ ಜಗಳ. ಕಾಗದ ಬರೆದುಕೊಡುವವರಿಗೆ ಹಿಂದೆ ಕೂರುವ ದಾರಿಯೂ ಇರಲಿಲ್ಲ.

ನಾನು ರಿಜೆಕ್ಟ್ ತೆಗೆದೆ. ಮೂರೂ ಅದೇ ಐಡಿಯಲ್ಲಿ ಉಳಿದವು. ಅಪ್‌ಲೋಡ್ ತಡವಾಯಿತು. ಸೋಮವಾರದ ಕಾಲ್‌ನಲ್ಲಿ ಮ್ಯಾನೇಜರ್ ಟಿಎಟಿ, ಅಂದರೆ ಕೆಲಸ ಮುಗಿಸಿ ಕೊಡಬೇಕಾದ ಸಮಯ, ಅದರ ಬಗ್ಗೆ ಉದ್ದಕ್ಕೆ ಮಾತಾಡಿದರು. ಕಾಗದದ ಬಗ್ಗೆ ಒಂದು ಮಾತೂ ಇಲ್ಲ. ಕ್ಲೈಂಟ್ ಬೈಯುತ್ತಾರೆ ಅಂತ ನಾವೆಲ್ಲ ಕಾದಿದ್ದೆವು. ಅವರ ಮೇಲ್‌ನಲ್ಲಿ ಬಂದ ಪ್ರಶ್ನೆ ಬೇರೆ: ಬರೆದುಕೊಟ್ಟವರಿಗೆ ಸ್ಪೆಕ್‌ನ ಅಪೆಂಡಿಕ್ಸ್‌ನಲ್ಲೇ ‘ಸ್ಕ್ರೈಬ್’ ಅಂತ ಫೀಲ್ಡ್ ಇದೆಯಲ್ಲ, ಯಾಕೆ ತುಂಬಿಲ್ಲ? ನಮ್ಮ ಟೂಲ್ ಮಾಡಿದವರು ಆಪ್ಷನಲ್ ಅಂತ ಅದನ್ನು ತೆಗೆದುಹಾಕಿದ್ದರು. ಯಾರಿಗೂ ಹೇಳಿರಲಿಲ್ಲ.

ಇದು ಆಪ್ಷನಲ್ ವಿಷಯವಲ್ಲ. ಆ ಯುದ್ಧದಲ್ಲಿ ಸುಮಾರು 1,80,000 ಕಪ್ಪು ಸಿಪಾಯಿಗಳು ಉತ್ತರದ ಪರ ಹೋರಾಡಿದರು. ಅವರಲ್ಲಿ ಬಹುಪಾಲು ಜನ ಗುಲಾಮಗಿರಿಯಿಂದ ಬಂದವರು. ಗುಲಾಮರಿಗೆ ಅಕ್ಷರ ಕಲಿಸುವುದೇ ದಕ್ಷಿಣದ ಹಲವು ರಾಜ್ಯಗಳಲ್ಲಿ ಅಪರಾಧವಾಗಿತ್ತು. ಹೆಂಡತಿ ಮಕ್ಕಳಿಗೆ ನಾಲ್ಕು ಸಾಲು ಕಳಿಸಬೇಕಾದರೆ ಎಷ್ಟೋ ಜನ ಇನ್ನೊಬ್ಬರ ಕೈ ಕಾಯಬೇಕಿತ್ತು. ಕೈಬರಹ ನೋಡಿ ಐಡಿ ಕೊಟ್ಟರೆ ಅವರ ಕಾಗದವೆಲ್ಲ ಯಾವುದೋ ಪಾದ್ರಿಯ ಹೆಸರಿಗೆ, ಯಾವುದೋ ಲೆಫ್ಟಿನೆಂಟ್ ಹೆಸರಿಗೆ ಹೋಗುತ್ತದೆ. ಹುಡುಕುವ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಏನೂ ಸಿಗುವುದಿಲ್ಲ.

ಈಗ ಹೊಸಬರಿಗೆ ಹೇಳುವುದು ಇಷ್ಟು. ಅಕ್ಷರ ಬದಲಾದರೆ ಹಿಂದಿನ ಕಾಗದ, ಮುಂದಿನ ಕಾಗದ ಎರಡನ್ನೂ ತೆರೆಯಿರಿ. ಊರಿನ ಹೆಸರು, ಮಕ್ಕಳ ಹೆಸರು, ದನಕರು, ಸಾಲ ಕೊಡಬೇಕಾದವರ ಹೆಸರು ಹೊಂದುತ್ತದಾ ನೋಡಿ. ಹೊಂದಿದರೆ ಟಿಎಲ್ ಏನೇ ಅಂದರೂ ರಿಜೆಕ್ಟ್ ಮಾಡಬೇಡಿ, ನನ್ನನ್ನು ಕರೆಯಿರಿ.

ಸ್ಕ್ರೈಬ್ ಫೀಲ್ಡ್ ಮುಂದಿನ ರಿಲೀಸ್‌ನಲ್ಲಿ ಬರುತ್ತದಂತೆ. ಹೋದ ರಿಲೀಸ್‌ನಲ್ಲೂ ಹಾಗೇ ಅಂದಿದ್ದರು. ಅಲ್ಲಿಯವರೆಗೆ ರಿಮಾರ್ಕ್ಸ್ ಬಾಕ್ಸ್‌ನಲ್ಲೇ ಟೈಪ್ ಮಾಡುತ್ತಿದ್ದೇವೆ. ಆ ಹುಡುಗಿ ಈಗ ಕ್ಯೂಸಿಯಲ್ಲಿ ನನ್ನ ಪಕ್ಕದ ಸೀಟಿನಲ್ಲಿದ್ದಾಳೆ.