ಶೇಂಗಾ ಡಬ್ಬಿ

ಭಾನುವಾರ ಬೆಳಿಗ್ಗೆ ಕಲಬುರಗಿಯ ನಮ್ಮ ಮನೆಗೆ ಪಿಯುಸಿಯ ನಾಲ್ಕು ಮಕ್ಕಳು ಗಣಿತ ಕೇಳಲು ಬರುತ್ತಾರೆ. ನಾಲ್ವರೂ ಭಾರಿ ಚುರುಕು. ಹೋದ ತಿಂಗಳು ಪಕ್ಕದವಳು ನೋಟ್ಸ್ ಕೇಳಿದಾಗ ಒಬ್ಬಳು "ಫಿಸಿಕ್ಸ್ ನೋಟ್ಸ್ ಮನ್ಯಾಗ ಬಿಟ್ಟು ಬಂದೀನಿ" ಅಂದಳು, ಆ ನೋಟ್ಸ್ ನೋಡಿದರೆ ಅವಳ ಬ್ಯಾಗಿನ ಜಿಪ್ಪಿನಿಂದಲೇ ಇಣುಕುತ್ತಿತ್ತು. ನನಗೆ ಸಿಟ್ಟು ಬರಲಿಲ್ಲ. ಆ ವಯಸ್ಸಿನಲ್ಲಿ ನಾನು ಗೈಡಿಗೆ ಪೇಪರ್ ಹೊದಿಸಿ ಅದರ ಹೆಸರು ಮುಚ್ಚಿಡುತ್ತಿದ್ದೆ.

ಮೊದಲು ಅರಳಗುಂಡಗಿ ಊರಿನ ಕಥೆ ಹೇಳಿದೆ. ಅಲ್ಲಿನ ಸಂತ ಶರಣಬಸವೇಶ್ವರರು ಹೊಲದಲ್ಲಿ ಹಕ್ಕಿ ಓಡಿಸದೆ, ತಿನ್ನಲಿ ಅಂತ ಬಿಟ್ಟು, ಕುಡಿಯಲು ನೀರೂ ಇಟ್ಟರಂತೆ. ಒಬ್ಬ ಹುಡುಗ ತಟ್ಟನೆ "ಹಕ್ಕಿ ಸಿಇಟಿ ಬರಿಯಂಗಿಲ್ರೀ ಸರ್" ಅಂದ. ಅಲ್ಲಿಗೆ ನನ್ನ ಪ್ರವಚನ ಮುಗಿಯಿತು.

ಆಮೇಲೆ ಆಟ ಆಡಿಸಿದೆ. ಅರ್ಥಶಾಸ್ತ್ರದವರು ಪಬ್ಲಿಕ್ ಗೂಡ್ಸ್ ಗೇಮ್ ಅಂತ ದುಡ್ಡಿಟ್ಟು ಆಡಿಸುತ್ತಾರೆ, ನಮ್ಮದು ಶೇಂಗಾ. ಒಬ್ಬೊಬ್ಬರಿಗೆ 10 ಕಾಳು. ಎಷ್ಟು ಬೇಕೋ ಅಷ್ಟು ಗುಟ್ಟಾಗಿ ಡಬ್ಬಿಗೆ ಹಾಕಬೇಕು, ಮಾತಾಡುವಂತಿಲ್ಲ. ಡಬ್ಬಿಯಲ್ಲಿ ಬಿದ್ದದ್ದನ್ನು ನಾನು ಎರಡು ಪಟ್ಟು ಮಾಡಿ ನಾಲ್ವರಿಗೂ ಸಮ ಹಂಚುತ್ತೇನೆ. ಎಲ್ಲರೂ 10 ಹಾಕಿದರೆ ಎಲ್ಲರಿಗೂ 20. ಆದರೆ ಹಕ್ಕಿಯ ಹುಡುಗ ಆಗಲೇ ಲೆಕ್ಕ ಹಾಕಿದ್ದ. "ಒಂದು ಹಾಕಿದ್ರ ನನಗ ಅರ್ಧ ವಾಪಸ್ ಬರ್ತದ್ರಿ, ಲಾಸ್." ಅವನು ಒಂದೂ ಹಾಕಲಿಲ್ಲ. ಹತ್ತೂ ಹಾಕಿದ ಉಳಿದ ಮೂವರಿಗೆ 15, ಅವನಿಗೆ 25. ಮುಂದಿನ ಸುತ್ತಿನಲ್ಲಿ ಉಳಿದವರೂ ಕೈ ಬಿಗಿ ಮಾಡಿದರು. ಐದನೇ ಸುತ್ತಿಗೆ ಡಬ್ಬಿಯಲ್ಲಿ ಬರೀ ಮೂರು ಕಾಳು! ದೊಡ್ಡವರನ್ನು ಆಡಿಸಿದಾಗಲೂ ಸಾಮಾನ್ಯವಾಗಿ ಹೀಗೇ ಇಳಿಯುತ್ತಾ ಹೋಗುತ್ತದೆ.

1980ರ ಸುಮಾರಿಗೆ ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಆಕ್ಸೆಲ್‌ರಾಡ್ ಕಂಪ್ಯೂಟರ್ ಪ್ರೋಗ್ರಾಮ್‌ಗಳ ನಡುವೆ ಇಂಥದ್ದೇ ಇನ್ನೊಂದು ಆಟದ ಪಂದ್ಯ ಎರಡು ಸಲ ಇಟ್ಟಿದ್ದ: ಎರಡೆರಡು ಎದುರುಬದುರಾಗಿ, ಕೈ ಜೋಡಿಸಬೇಕೋ ಕೈ ಕೊಡಬೇಕೋ ಅಂತ ಸುತ್ತು ಸುತ್ತಿಗೂ ತೀರ್ಮಾನಿಸಬೇಕು. ಭಾರಿ ತಲೆ ಓಡಿಸಿ ಬರೆದವೆಲ್ಲ ಸೋತವು. ಎರಡು ಸಲವೂ ಗೆದ್ದದ್ದು ಪುಟ್ಟ 'ಟಿಟ್ ಫಾರ್ ಟ್ಯಾಟ್': ಮೊದಲು ನೀನು ಕೈ ಜೋಡಿಸು, ಆಮೇಲೆ ಎದುರಿನವನು ಮಾಡಿದ್ದನ್ನೇ ಮಾಡು. ಅದು ನಡೆಯೋದು ನಾಳೆಯೂ ಅದೇ ಮುಖ ನೋಡಬೇಕು ಅನ್ನೋ ಕಡೆ. ಈ ನಾಲ್ವರದೂ ಅದೇ ಕಥೆ ಅಲ್ವಾ, ದಿನಾ ಒಂದೇ ಬೆಂಚು. ಇನ್ನು ಸಿಇಟಿ ಬರೆಯೋರು ಲಕ್ಷಗಟ್ಟಲೆ ಇರುವಾಗ, ಪಕ್ಕದವಳಿಗೆ ನೋಟ್ಸ್ ಕೊಟ್ಟು ಅವಳು ನಿನ್ನನ್ನು ದಾಟಿದರೂ ನಿನ್ನ ರ‍್ಯಾಂಕ್ ಜಾರೋದು ಎಷ್ಟು? ಒಂದು. ಅದನ್ನು ಹೇಳಿದಾಗ ನೋಟ್ಸ್ ಹುಡುಗಿ ಬ್ಯಾಗಿನ ಜಿಪ್ ಎಳೆದು ಮುಚ್ಚಿಕೊಂಡಳು, ತೆಗೆಯಲಿಲ್ಲ. ಇರಲಿ.

ಕೊನೆಯ ಸುತ್ತಿಗೆ ಮಾತಾಡಲು ಬಿಟ್ಟೆ. ಎರಡು ನಿಮಿಷ ಗಲಾಟೆಯೋ ಗಲಾಟೆ, ಆಮೇಲೆ ಎಲ್ಲರೂ ಪೂರ್ತಿ ಹಾಕೋದು ಅಂತ ಒಪ್ಪಂದ. ಎಣಿಸಿದೆ. 39.

"ಒಂದ್ ಯಾಕ ಇಟ್ಕೊಂಡಿ?" ಅಂತ ಹಕ್ಕಿಯ ಹುಡುಗನನ್ನು ಕೇಳಿದೆ.

"ಹುಳುಕ ಇತ್ರೀ ಸರ್" ಅಂದ, ಬಾಯಾಡಿಸುತ್ತಾ.