ಖಾಲಿ ಸೈಟು

ಮೊಟ್ಟೆಗಳನ್ನು ಮೊದಲು ನೋಡಿದ್ದು ಜೆಸಿಬಿ ಓಡಿಸುತ್ತಿದ್ದ ಹುಡುಗ.

2022ರ ಏಪ್ರಿಲ್. ಮೈಸೂರಿನ ಲಿಂಗಾಂಬುಧಿ ಕೆರೆಯಿಂದ ಸ್ವಲ್ಪ ಆಚೆ, ಹೊಸ ಬಡಾವಣೆಯೊಂದರಲ್ಲಿ ನಮ್ಮ 30-40 ಸೈಟು. ಗುದ್ದಲಿ ಪೂಜೆ ಮುಗಿದಿತ್ತು. ಒಂದು ಲೋಡ್ ಜಲ್ಲಿ ಬಂದು ಬಿದ್ದು ಮೂರು ವಾರ ಆಗಿತ್ತು. ಸೋಮವಾರ ಬೆಳಿಗ್ಗೆ ಪಾಯ ತೆಗೆಯಲು ಜೆಸಿಬಿ ಬಂತು. ಶಾಲೆಗೆ ಅರ್ಧ ದಿನ ರಜೆ ಹಾಕಿ ನಾನೂ ಹೋಗಿದ್ದೆ. ಗಾಡಿ ಸೈಟಿನೊಳಗೆ ಬಂದ ತಕ್ಷಣ ಎರಡು ಹಕ್ಕಿಗಳು ತಲೆಯ ಮೇಲೆ ಸುತ್ತುತ್ತಾ ಕಿರುಚಲು ಶುರು ಮಾಡಿದವು. ಎಂಜಿನ್ ಸದ್ದಿನ ಮೇಲೂ ಅವುಗಳ ಕೂಗು ಕೇಳುತ್ತಿತ್ತು.

ಹುಡುಗ ಎಂಜಿನ್ ಆಫ್ ಮಾಡಿದ. ಕೆಳಗಿಳಿದು ನೆಲ ನೋಡುತ್ತಾ ನಿಧಾನಕ್ಕೆ ನಡೆದ. ಹರಡಿದ್ದ ಜಲ್ಲಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನನ್ನು ಕರೆದ.

"ಸರ್, ಇಲ್ಲಿ ತತ್ತಿ ಅದಾವ್ರೀ. ನಾಕು."

ಅವನು ಬೆರಳು ತೋರಿಸಿದ ಮೇಲೂ ನನಗೆ ಕಾಣಲಿಲ್ಲ. ಸ್ವಲ್ಪ ಹೊತ್ತು ನೋಡಿದ ಮೇಲೆ ಕಲ್ಲುಗಳ ನಡುವಿನಿಂದ ನಾಲ್ಕು ಮೊಟ್ಟೆ ಎದ್ದು ಬಂದ ಹಾಗಾಯಿತು. ಮಣ್ಣಿನ ಬಣ್ಣ, ಮೇಲೆ ಕಪ್ಪು ಕಲೆ. ನಾಲ್ಕರ ಚೂಪು ತುದಿಯೂ ಒಳಮುಖವಾಗಿತ್ತು. ಗೂಡು ಅಂತ ಏನೂ ಇಲ್ಲ. ಸಣ್ಣ ತಗ್ಗು, ಸುತ್ತ ನಾಲ್ಕು ಚೂರು ಕಲ್ಲು, ಅಷ್ಟೇ.

ಹುಡುಗ ರಾಯಚೂರು ಕಡೆಯವನು. ಅವರ ಊರಲ್ಲಿ ಹೊಲ ಹರಗುವಾಗ ಈ ಹಕ್ಕಿ ತತ್ತಿ ಇಟ್ಟಿದ್ದರೆ ಸುತ್ತ ಅಷ್ಟು ಜಾಗ ಬಿಟ್ಟು ಮುಂದೆ ಹೋಗುತ್ತಾರಂತೆ. "ಅವ್ವ-ಅಪ್ಪ ಮ್ಯಾಲೆ ಅಳಾಕತ್ತಾವ ನೋಡ್ರೀ. ನಾ ಇವತ್ತ ಗಾಡಿ ಹಚ್ಚಂಗಿಲ್ಲ" ಎಂದ. ಬಾಡಿಗೆ ಕಳೆದುಕೊಂಡು, ಒಂದು ಲೋಟ ಟೀ ಕುಡಿದು ಹೋಗಿಬಿಟ್ಟ. ನಾನು ಸೈಟಿನಲ್ಲಿ ನಿಂತೇ ಇದ್ದೆ. ಅವನು ಅಷ್ಟು ಸಲೀಸಾಗಿ ಮಾಡಿದ್ದನ್ನು ನಾನು ಮಾಡುತ್ತಿದ್ದೆನಾ ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ.

ಸಂಜೆ ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಉದ್ದ ಹಳದಿ ಕಾಲು, ಕಪ್ಪು ಕತ್ತು, ಕಣ್ಣಿನ ಮುಂದೆ ಕೆಂಪು ತೊಗಲು ಎಂದು ವರ್ಣಿಸಿದೆ. ಅಮ್ಮ ಹುಣಸೂರು ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. "ಅದು ತೇನೆ ಹಕ್ಕಿ ಕಣೋ. ಟಿಟ್ಟಿಭ ಅಂತಾರಲ್ಲ, ಅದೇ. ರಾತ್ರಿ ಮಲಗುವಾಗ ಕಾಲು ಮೇಲೆ ಮಾಡಿಕೊಳ್ಳುತ್ತಂತೆ. ಆಕಾಶ ಬಿದ್ದರೆ ಮರಿಗಳ ಮೇಲೆ ಬೀಳದ ಹಾಗೆ ತಡೆಯೋಕೆ" ಎಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಎಷ್ಟು ದಿನ ಬೇಕಂತೆ?" ಎಂದು ಕೇಳಿದರು.

28ರಿಂದ 30 ದಿನ. ಮೊಟ್ಟೆ ಇಟ್ಟು ಎಷ್ಟು ದಿನವಾಗಿದೆ ಎಂದು ಗೊತ್ತಿರಲಿಲ್ಲ. ಹಾಗಾಗಿ ಪೂರ್ತಿ ಒಂದು ತಿಂಗಳು ಎಂದುಕೊಂಡೆವು. ಮೇಸ್ತ್ರಿಗೆ ಫೋನ್ ಮಾಡಿದಾಗ ಅವರಿಗೆ ಬೇಜಾರಾಯಿತು. ಆಳುಗಳನ್ನು ಬೇರೆ ಕೆಲಸಕ್ಕೆ ಕಳಿಸಿದರೆ ಮತ್ತೆ ಸಿಗುವುದು ಕಷ್ಟ ಎಂದರು. ಅದು ನಿಜವೂ ಆಯಿತು. ಒಂದು ತಿಂಗಳಿಗೆ ಅಂತ ನಿಲ್ಲಿಸಿದ ಕೆಲಸ ಮತ್ತೆ ಶುರುವಾಗುವಷ್ಟರಲ್ಲಿ ಎರಡೂವರೆ ತಿಂಗಳಾಗಿತ್ತು. ಅಷ್ಟು ದಿನ ಮನೆ ಬಾಡಿಗೆ ಜಾಸ್ತಿ ಕಟ್ಟಿದೆವು. ಮೇಷ್ಟ್ರ ಸಂಬಳದಲ್ಲಿ ಅದು ಸಣ್ಣ ಮೊತ್ತವಲ್ಲ. ಇದನ್ನು ಮುಚ್ಚಿಟ್ಟು "ಹಕ್ಕಿ ಉಳಿಸಿ" ಎಂದು ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ದಿನ ಎಣಿಸುವುದು ಅಭ್ಯಾಸ. ಒಂದು 100 ಪುಟದ ನೋಟ್‌ಬುಕ್ ತೆಗೆದುಕೊಂಡು ದಿನಾ ಬೆಳಿಗ್ಗೆ ಆರಕ್ಕೆ, ಸಂಜೆ ಐದೂವರೆಗೆ ಹೋಗಿ ರಸ್ತೆಯ ಆಚೆ ಬದಿಯಲ್ಲಿ ಸ್ಕೂಟರ್ ಮೇಲೆ ಕೂರುತ್ತಿದ್ದೆ. ಹತ್ತಿರ ಹೋದರೆ ಹಕ್ಕಿ ಎದ್ದುಬಿಡುತ್ತದೆ. ಎದ್ದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಏಪ್ರಿಲ್ ತಿಂಗಳಲ್ಲಿ ತೇನೆ ಹಕ್ಕಿಯ ಕೆಲಸ ಮೊಟ್ಟೆಗೆ ಕಾವು ಕೊಡುವುದಕ್ಕಿಂತ ಜಾಸ್ತಿ ಮೊಟ್ಟೆಯನ್ನು ತಂಪಾಗಿ ಇಡುವುದು. ಅದು ನನಗೆ ಗೊತ್ತೇ ಇರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಹೋದಾಗ ಕಂಡೆ. ಒಂದು ಹಕ್ಕಿ ಮೊಟ್ಟೆಗಳ ಮೇಲೆ ಕೂರದೆ, ಕಾಲು ಚಾಚಿ ನಿಂತು ನೆರಳು ಮಾಡಿತ್ತು. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಇನ್ನೊಂದು ಬಡಾವಣೆಯ ಕೊನೆಯ ಗುಂಡಿಯಲ್ಲಿದ್ದ ನೀರಿಗಿಳಿದು ಹೊಟ್ಟೆಯ ಗರಿ ನೆನೆಸಿಕೊಂಡು ಬಂತು. ಬಂದು ಮೊದಲನೆಯದನ್ನು ಬಿಡಿಸಿ, ಒದ್ದೆ ಹೊಟ್ಟೆಯನ್ನು ಮೊಟ್ಟೆಗಳ ಮೇಲೆ ಊರಿ ಕೂತಿತು. ಆಮೇಲೆ ಮೊದಲನೆಯದು ನೀರಿಗೆ ಹೋಯಿತು. ಒಂದು ಗಂಟೆಯಲ್ಲಿ ಐದು ಸಲ ಹೀಗೆ ಅದಲುಬದಲಾದವು. ನೋಟ್‌ಬುಕ್‌ನಲ್ಲಿ ಸಮಯದ ಸಮೇತ ಬರೆದಿಟ್ಟಿದ್ದೇನೆ. ಆ ಗುಂಡಿಯ ನೀರು ಪೈಪ್ ಒಡೆದು ನಿಂತಿದ್ದು. ಯಾರಾದರೂ ಬಂದು ಆ ಪೈಪ್ ರಿಪೇರಿ ಮಾಡಿದ್ದರೆ ಹಕ್ಕಿಗಳು ಕೆರೆವರೆಗೆ ಹೋಗಬೇಕಿತ್ತು.

ಕೆರೆಯ ವಿಷಯ ಬಂತು, ಹೇಳಿಬಿಡುತ್ತೇನೆ. ಲಿಂಗಾಂಬುಧಿ ಕೆರೆಯನ್ನು 1828ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದರು. ಆಗ ಅದು ಊರಾಚೆ. ಈಗ ಸುತ್ತ ಮನೆಗಳು. ಹೀಗೆ ಊರಿನೊಳಗೆ ಸಿಕ್ಕಿಕೊಂಡ ಕೆರೆಗಳಿಗೆ ನಾವು ಏನು ಮಾಡುತ್ತೇವೆ ಅಂದರೆ, ಹೂಳು ತೆಗೆಯುವ ನೆಪದಲ್ಲಿ ಅಂಚನ್ನು ಕಡಿದಾಗಿ ಕೊರೆದು, ಸುತ್ತ ಕಲ್ಲು ಕಟ್ಟಿ ಬೋಗುಣಿ ಮಾಡಿಬಿಡುತ್ತೇವೆ. ನೀರು ತುಂಬಿದಾಗ ನೋಡಲು ಚೆನ್ನಾಗಿರುತ್ತದೆ. ಆದರೆ ಕೆರೆ ಅಂದರೆ ಹಕ್ಕಿಗಳಿಗೆ ಮುಖ್ಯವಾಗಿ ಅದರ ಅಂಚು. ಪಾದ ಮುಳುಗುವಷ್ಟು ನೀರು, ಕೆಸರು, ಜೊಂಡು. ಗೊರವಗಳು, ಸಿಪಿಲೆಗಳು, ಉಲ್ಲಂಕಿಗಳು ಓಡಾಡುವುದು ಅಲ್ಲೇ. ಬೋಗುಣಿಯ ನಡುವೆ ನೀರುಕಾಗೆ ಮುಳುಗಿ ಮೀನು ಹಿಡಿಯಬಹುದು. ಉದ್ದ ಕಾಲಿನ ಹಕ್ಕಿ ಎಲ್ಲಿ ನಿಲ್ಲಬೇಕು?

ಆ ದಿನಗಳಲ್ಲಿ ಸ್ಕೂಟರ್ ಮೇಲೆ ಕೂತು ಸುಮ್ನೆ ಸುತ್ತ ನೋಡುವಾಗ ನನಗೆ ಒಂದು ಪದದ ಬಗ್ಗೆ ತಲೆ ಕೆಡಲು ಶುರುವಾಯಿತು. ಖಾಲಿ. ಖಾಲಿ ಸೈಟು, ಖಾಲಿ ಜಾಗ, ಖಾಲಿ ಬಿದ್ದಿದೆ. ಹತ್ತು ವರ್ಷದ ಹಿಂದೆ ಅದು ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲವಂತೆ. ಆಮೇಲೆ ಬಡಾವಣೆ ಮಾಡಿ, ರಸ್ತೆ ಎಳೆದು, ನಂಬರ್ ಕಲ್ಲು ನೆಟ್ಟು ಬಿಟ್ಟಿದ್ದರು. ಮನೆ ಬರುವವರೆಗೆ ಅದು ನಮ್ಮ ಲೆಕ್ಕದಲ್ಲಿ ಖಾಲಿ. ನನ್ನ ನೋಟ್‌ಬುಕ್ ಪ್ರಕಾರ ಮಾತ್ರ ಹಾಗಿರಲಿಲ್ಲ. ಮೋರಿಗೆ ಅಗೆದ ಮಣ್ಣಿನ ಗೋಡೆಯಲ್ಲಿ ಕಳ್ಳಿಪೀರಗಳು ತೂತು ಕೊರೆದಿದ್ದವು. ನಂಬರ್ ಕಲ್ಲುಗಳ ಮೇಲೆ ಕಾಜಾಣ ಕೂರುತ್ತಿತ್ತು. ಒಣಹುಲ್ಲಿನಲ್ಲಿ ನೆಲಗುಬ್ಬಿಗಳಿದ್ದವು. ಮೂರನೇ ಅಡ್ಡರಸ್ತೆಯ ವಿದ್ಯುತ್ ತಂತಿಯ ಮೇಲೆ ಹೆಚ್ಚುಕಡಿಮೆ ದಿನಾ ಒಂದು ನೀಲಕಂಠ. ಕೂತಾಗ ಕಂದು ಹಕ್ಕಿ, ಹಾರಿದರೆ ಕಣ್ಣು ಕೋರೈಸುವ ನೀಲಿ. ಅದು ನಮ್ಮ ರಾಜ್ಯ ಪಕ್ಷಿ.

ಮುಂದಿನ ವರ್ಷ, ಅಂದರೆ 2023ರಲ್ಲಿ, ದೇಶದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತು. ಸುಮಾರು 30,000 ಪಕ್ಷಿ ವೀಕ್ಷಕರು ಬರೆದಿಟ್ಟ ಮಾಹಿತಿಯಿಂದ 942 ಜಾತಿಗಳ ಹಕ್ಕಿಗಳನ್ನು ಅದರಲ್ಲಿ ಲೆಕ್ಕ ಹಾಕಿದ್ದಾರೆ. ಅವುಗಳಲ್ಲಿ 178 ಜಾತಿಗಳಿಗೆ ತುರ್ತಾಗಿ ಗಮನ ಬೇಕು ಎನ್ನುತ್ತದೆ ವರದಿ. ಬಯಲು, ಹುಲ್ಲುಗಾವಲುಗಳಲ್ಲಿ ಬದುಕುವ ಹಕ್ಕಿಗಳು ಬಹಳ ಕುಸಿದಿವೆ. ನೀಲಕಂಠವೂ ಆ ಕುಸಿದ ಪಟ್ಟಿಯಲ್ಲಿದೆ. ಏರಿರುವುದು ಯಾವುದು ಗೊತ್ತಾ? ಪಾರಿವಾಳ. ನಮ್ಮ ಕಟ್ಟಡಗಳ ಸಜ್ಜಾ, ಎಸಿ ಡಬ್ಬದ ಹಿಂಭಾಗ, ಮೇಲ್ಸೇತುವೆಯ ಸಂದು, ಎಲ್ಲವೂ ಅದಕ್ಕೆ ಬಂಡೆಯ ಬಿರುಕಿನ ಹಾಗೆ. ನಾವು ಹಾಕುವ ಕಾಳು ಬೇರೆ ಇದೆ. ಪಾರಿವಾಳದ ಮೇಲೆ ನನಗೆ ಕೋಪವಿಲ್ಲ. ಆದರೆ ಊರು ಬೆಳೆದಾಗ "ಹಕ್ಕಿಗಳು ಇನ್ನೂ ಇವೆಯಲ್ಲ" ಎಂದು ನಮಗೆ ಅನ್ನಿಸುವುದು ಇದರಿಂದಲೇ. ಇರುವುದು ನಮ್ಮ ಜೊತೆ ಹೊಂದಿಕೊಳ್ಳುವ ಕೆಲವೇ ಜಾತಿಗಳು. ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿ ಕಾಂಕ್ರೀಟಿಗೆ ಹೊಂದಿಕೊಳ್ಳುವುದು ಹೇಗೆ?

ಒಂದು ದೊಡ್ಡ ಆಲದ ಮರ ಕಡಿದರೆ ಜನ ಸೇರುತ್ತಾರೆ, ಪೇಪರಿನಲ್ಲಿ ಬರುತ್ತದೆ. ಬರಲೇಬೇಕು. ಆದರೆ ಜಾಲಿ, ಹುಲ್ಲು, ಕಲ್ಲು ಇರುವ ಬಯಲು ಹೋದರೆ ಯಾರೂ ಕೇಳುವುದಿಲ್ಲ. ಅದು ಹೋಯಿತು ಎನ್ನುವ ಬದಲು "ಏರಿಯಾ ಡೆವಲಪ್ ಆಯ್ತು" ಅನ್ನುತ್ತೇವೆ. ನಾನೂ ಹಾಗೆ ಹೇಳಿಯೇ ಸೈಟು ತೆಗೆದುಕೊಂಡವನು.

ಹಕ್ಕಿ ಉಳಿದರೆ ನಮಗೇನು ಎಂದು ಸ್ಟಾಫ್ ರೂಮಿನಲ್ಲಿ ಒಬ್ಬ ಸಹೋದ್ಯೋಗಿ ಕೇಳಿದರು. ಕೆಟ್ಟ ಮನಸ್ಸಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳಲು. ಅವರಿಗೆ ನಾನು ಹೇಳಿದ್ದು ಇಷ್ಟು. ತೇನೆ ಹಕ್ಕಿ ತಿನ್ನುವುದು ಗೆದ್ದಲು, ಇರುವೆ, ಜೀರುಂಡೆ, ಹುಳು. ಹಾಲಕ್ಕಿ, ಗೂಬೆ ಇಲಿ ಹಿಡಿಯುತ್ತವೆ. ಕುಟ್ರು ಹಕ್ಕಿ, ಕೋಗಿಲೆ ಹಣ್ಣು ತಿಂದು ಬೀಜ ಹಾಕದಿದ್ದರೆ ರಸ್ತೆ ಬದಿ ಸಂದುಗೊಂದಿನಲ್ಲಿ ಅರಳಿ, ಅತ್ತಿ ಹುಟ್ಟುವುದಿಲ್ಲ. ರಣಹದ್ದುಗಳ ಕಥೆ ಎಲ್ಲರಿಗೂ ಗೊತ್ತಿರಬೇಕು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ, ಸತ್ತ ದನ ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸಿತು. 1990ರ ದಶಕದಲ್ಲಿ ಅವು ನೆಲ ಕಚ್ಚಿದವು. 2006ರಲ್ಲಿ ಪಶುಗಳಿಗೆ ಆ ಔಷಧಿ ಕೊಡುವುದನ್ನು ನಿಲ್ಲಿಸುವಷ್ಟರಲ್ಲಿ ಹೆಚ್ಚಿನವು ಹೋಗಿದ್ದವು. ಅವು ತಿನ್ನುತ್ತಿದ್ದದ್ದು ನಾಯಿಗಳ ಪಾಲಾಯಿತು. ಒಂದು ಹಕ್ಕಿ ಏನು ಕೆಲಸ ಮಾಡುತ್ತಿತ್ತು ಎಂದು ಅದು ಹೋದ ಮೇಲೆ ಲೆಕ್ಕ ಹಾಕುವುದು ಬಹಳ ದುಬಾರಿ.

ಅವರು ತಲೆಯಾಡಿಸಿದರು. ಆದರೆ ನಿಜ ಹೇಳಬೇಕು ಅಂದರೆ, ಆ ಏಪ್ರಿಲ್‌ನಲ್ಲಿ ನಾನು ಕೆಲಸ ನಿಲ್ಲಿಸಿದ್ದು ಗೆದ್ದಲಿನ ಲೆಕ್ಕ ಹಾಕಿ ಅಲ್ಲ. ಆ ಹಕ್ಕಿಗಳು ನನಗಿಂತ ಮೊದಲು ಆ ಸೈಟಿನಲ್ಲಿ ಸಂಸಾರ ಹೂಡಿದ್ದವು. ನನ್ನ ಹತ್ತಿರ ಕಾಗದಪತ್ರ ಇತ್ತು, ಅವುಗಳ ಹತ್ತಿರ ಇರಲಿಲ್ಲ. ಅಷ್ಟೇ ವ್ಯತ್ಯಾಸ.

ಕಾನೂನೂ ಅವುಗಳ ಪರವಾಗಿಯೇ ಇದೆ ಎಂದು ಆಮೇಲೆ ಗೊತ್ತಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ "ಬೇಟೆ" ಎಂಬ ಪದಕ್ಕೆ ಕೊಡುವ ಅರ್ಥದಲ್ಲಿ ಕಾಡುಹಕ್ಕಿಯ ಮೊಟ್ಟೆ ಹಾಳು ಮಾಡುವುದು, ಗೂಡು ಕೆದಕುವುದು ಕೂಡ ಸೇರಿದೆ. ಇದನ್ನು ಮೇಸ್ತ್ರಿಗೆ ಹೇಳಿದಾಗ ಅವರು ನಂಬಲಿಲ್ಲ.

ಹದಿನಾರನೇ ದಿನ ಒಂದು ಮೊಟ್ಟೆ ಇರಲಿಲ್ಲ. ನಾಯಿಯೋ, ಕಾಗೆಯೋ ಗೊತ್ತಾಗಲಿಲ್ಲ. ಎಲ್ಲೋ ಕಸ ಸುರಿಯಲು ಶುರು ಮಾಡಿದ ಮೇಲೆ ನಾಯಿಗಳು ಜಾಸ್ತಿಯಾಗಿದ್ದವು. ಅವತ್ತು ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಇಪ್ಪತ್ಮೂರನೇ ದಿನ ಬೆಳಿಗ್ಗೆ ತಗ್ಗು ಬರಿದಾಗಿತ್ತು. ನನ್ನ ಎದೆ ಧಸಕ್ ಎಂದಿತು. ಆದರೆ ಹಕ್ಕಿಗಳು ಕಿರುಚುತ್ತಿದ್ದವು, ಅದೂ ಪಕ್ಕದ ಸೈಟಿನಿಂದ. ಅಂದರೆ ಮರಿಗಳಿವೆ. ಈ ಮರಿಗಳು ಹುಟ್ಟಿದ ಕೆಲವೇ ಗಂಟೆಗಳಲ್ಲಿ ನಡೆಯುತ್ತವೆ. ಹಾರಲು ಮಾತ್ರ ಒಂದು ತಿಂಗಳಿಗಿಂತ ಜಾಸ್ತಿ ಬೇಕು. ಅಲ್ಲಿಯವರೆಗೆ ಅಪಾಯ ಬಂದರೆ ನೆಲಕ್ಕೆ ಒರಗಿ ಕಲ್ಲಿನ ಹಾಗೆ ಬಿದ್ದಿರುವುದೊಂದೇ ಉಪಾಯ. ಎರಡು ಮರಿ ಹುಲ್ಲಿನ ಬುಡದಲ್ಲಿ ಕಂಡವು. ಮೂರನೆಯದು ಮೋರಿಯೊಳಗೆ ಬಿದ್ದಿತ್ತು.

ಬಡಾವಣೆಯ ಮೋರಿ ಎರಡೂವರೆ ಅಡಿ ಆಳ. ಎರಡೂ ಕಡೆ ನೆಟ್ಟಗೆ ನುಣುಪಾದ ಸಿಮೆಂಟ್ ಗೋಡೆ. ಮರಿ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತಿತ್ತು. ತಾಯಿಯೋ ತಂದೆಯೋ, ಮೋರಿಯ ಅಂಚಿನಲ್ಲಿ ಅದರ ಜೊತೆಗೇ ಓಡುತ್ತಾ ಕರೆಯುತ್ತಿತ್ತು. ಹೊಲದಲ್ಲಿ ಕಾಲುವೆ ಇರುತ್ತಿತ್ತು, ಅದಕ್ಕೆ ಇಳಿಜಾರು ಇರುತ್ತಿತ್ತು. ಈ ಗೋಡೆ ಹತ್ತಲು ಆ ಜಾತಿ ಎಂದೂ ಕಲಿತಿಲ್ಲ. ನಾನು ಮೋರಿಗಿಳಿದು ಮರಿಯನ್ನು ಬೊಗಸೆಯಲ್ಲಿ ಎತ್ತಿದೆ. ತೂಕವೇ ಇರಲಿಲ್ಲ. ಎದೆ ಬಡಿಯುವುದು ಮಾತ್ರ ಕೈಗೆ ತಾಗುತ್ತಿತ್ತು. ದೊಡ್ಡ ಹಕ್ಕಿ ನನ್ನ ತಲೆಗೆ ರೆಕ್ಕೆ ಬಡಿದು ಹೋಯಿತು. ಮರಿಯನ್ನು ಹುಲ್ಲಿನ ಹತ್ತಿರ ಬಿಟ್ಟು ದೂರ ಬಂದು ನಿಂತೆ. ಐದು ನಿಮಿಷದಲ್ಲಿ ಮೂರೂ ಒಂದೇ ಹೊಟ್ಟೆಯ ಕೆಳಗೆ ಸೇರಿಕೊಂಡವು. ಹೊರಗೆ ಆರು ಸಣ್ಣ ಕಾಲು ಕಾಣುತ್ತಿದ್ದವು.

ಆಮೇಲೆ ಮೋರಿಯೊಳಗೆ ಮೂರು ಕಡೆ ಒಡೆದ ಇಟ್ಟಿಗೆ, ಕಲ್ಲು ಜೋಡಿಸಿ ಮೆಟ್ಟಿಲಿನ ಹಾಗೆ ಮಾಡಿದೆ. ಎರಡು ದಿನ ಬಿಟ್ಟು ಒಂದು ಮರಿ ಅದನ್ನು ಹತ್ತಿ ಬಂದದ್ದನ್ನು ಕಣ್ಣಾರೆ ನೋಡಿದೆ.

ಮನೆ ಈಗ ಆಗಿದೆ. ಕಿಟಕಿಗಳಿಗೆ ಕನ್ನಡಿಯ ಹಾಗೆ ಹೊಳೆಯುವ ಗಾಜು ಬೇಡ ಎಂದೆ, ಆಕಾಶ ಎಂದುಕೊಂಡು ಹಕ್ಕಿಗಳು ಬಂದು ಹೊಡೆದುಕೊಳ್ಳುತ್ತವೆ. ಹಿಂದುಗಡೆ ಆರು ಅಡಿ ಅಗಲದಷ್ಟು ನೆಲಕ್ಕೆ ಸಿಮೆಂಟ್ ಹಾಕಿಸಿಲ್ಲ. ಟುವ್ವಿ ಹಕ್ಕಿ, ಸೂರಕ್ಕಿ ಬರುತ್ತವೆ. ತೇನೆ ಹಕ್ಕಿ ಅಲ್ಲಿಗೆ ಬರುವುದಿಲ್ಲ, ಅದಕ್ಕೆ ಸುತ್ತ ದೂರದವರೆಗೆ ಕಾಣುವ ಬಯಲು ಬೇಕು. ನಮ್ಮ ರಸ್ತೆಯಲ್ಲಿ ಅಂಥ ಜಾಗ ಉಳಿದಿಲ್ಲ. ಮೂರನೇ ಅಡ್ಡರಸ್ತೆಯ ತಂತಿಯ ಮೇಲೆ ನೀಲಕಂಠವನ್ನು ನೋಡಿ ಒಂದು ವರ್ಷದ ಮೇಲಾಯಿತು.

ಬಡಾವಣೆಯ ಆ ತುದಿಯಲ್ಲಿ, ಪಾರ್ಕಿಗೆ ಎಂದು ಬಿಟ್ಟ ಜಾಗ ಇನ್ನೂ ಹಾಗೇ ಇದೆ. ಅದರ ಅರ್ಧ ಭಾಗವನ್ನಾದರೂ ಲಾನು, ಟೈಲ್ಸ್, ಲೈಟು ಹಾಕದೆ ಹುಲ್ಲು ಕಲ್ಲುಗಳ ಸಮೇತ ಬಿಡಿ ಎಂದು ನಾವು ಹನ್ನೊಂದು ಮನೆಯವರು ಸಹಿ ಹಾಕಿ ಕೊಟ್ಟಿದ್ದೇವೆ. ಉತ್ತರ ಬಂದಿಲ್ಲ. ಹೋದ ವಾರದಿಂದ ರಾತ್ರಿ ಹೊತ್ತು ಆ ಕಡೆಯಿಂದ ಕೂಗು ಕೇಳುತ್ತಿದೆ. ಅಮ್ಮ ಹಾಸಿಗೆಯಲ್ಲೇ ಎದ್ದು ಕೂತು, "ಬಂತು ನೋಡು" ಎನ್ನುತ್ತಾರೆ. ನಿನ್ನೆ ಸಂಜೆ ಹೋಗಿ ಬಂದೆ. ಮೂರು ಮೊಟ್ಟೆ. ಮಳೆಗೆ ಮೋರಿಯ ಇಟ್ಟಿಗೆಗಳೆಲ್ಲ ಕೊಚ್ಚಿ ಹೋಗಿವೆ, ಈ ಭಾನುವಾರ ಮತ್ತೆ ಜೋಡಿಸಬೇಕು.