ಅಪ್ಪನ ಕ್ಯಾಲೆಂಡರ್ ಯಾಕೆ ಖಾಲಿಯಾಯಿತು?

"ತಮ್ಮಾ, ಗುರುವಾರದ ದವಾಖಾನಿ ತಾರೀಖು ಇದರಾಗ ಕಾಣವಲ್ದು" ಅಂದರು ಅಪ್ಪ. ಬಾಗಲಕೋಟೆ ನವನಗರದ ನಮ್ಮ ಮನೆಯ, ವಿಂಡೋಸ್ ಬದಲು ಉಬುಂಟು ವ್ಯವಸ್ಥೆ ಇರುವ ಕಂಪ್ಯೂಟರ್ ಅದು. ಫೋನ್‌ನಲ್ಲಿ ತಾರೀಖು ಇದೆ, ಇಲ್ಲಿ ಖಾಲಿ.

ಆನ್ ಮಾಡಿದಾಗಲೆಲ್ಲ ಕೀರಿಂಗ್ (ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಇಡುವ ಪೆಟ್ಟಿಗೆ) ಪಾಸ್‌ವರ್ಡ್ ಕೇಳುವ ಚಿಕ್ಕ ಕಿಟಕಿ ಬರುತ್ತಿತ್ತು. ಅಪ್ಪ ಸುಮ್ನೆ ಮುಚ್ಚುತ್ತಿದ್ದರು. ಆಗ ಹೊಳೆಯಿತು. ಕಳೆದ ವಾರ ಅವರು ಕಂಪ್ಯೂಟರ್‌ನ ಲಾಗಿನ್ ಪಾಸ್‌ವರ್ಡ್ ಮರೆತಾಗ ನಾನೇ ರಿಕವರಿ ಮೋಡ್‌ನಲ್ಲಿ (ದುರಸ್ತಿಗೆಂದು ಇರುವ ವಿಶೇಷ ಸ್ಥಿತಿ) ಅದನ್ನು ಬದಲಿಸಿದ್ದೆ. ಹಾಗೆ ಬದಲಿಸಿದರೆ ಕೀರಿಂಗ್‌ಗೆ ಹಳೇ ಪಾಸ್‌ವರ್ಡೇ ಉಳಿಯುತ್ತದೆ. ಕ್ಯಾಲೆಂಡರ್ ಖಾತೆಯನ್ನು ಜೋಡಿಸುವ 'ಆನ್‌ಲೈನ್ ಅಕೌಂಟ್ಸ್'ನ ಟೋಕನ್, ಅಂದರೆ ಖಾತೆಗೆ ಒಳಹೋಗುವ ಗುಪ್ತ ಚೀಟಿ, ಇರೋದು ಅದರೊಳಗೇ ಅಲ್ವಾ? ಬೀಗ ತೆಗೆಯದೆ ಸಿಂಕ್ ಹೇಗಾಗಬೇಕು!

ಹಳೇದು ಡೈರಿಯ ಕೊನೇ ಪುಟದಲ್ಲಿ ಪೆನ್ಸಿಲ್‌ನಲ್ಲಿ ಬರೆದದ್ದು ಸಿಕ್ಕಿತು. (ಸಿಗದಿದ್ದರೆ ಕೀರಿಂಗ್ ಅಳಿಸಿ ಖಾತೆಯನ್ನು ಹೊಸದಾಗಿ ಸೇರಿಸಬೇಕಿತ್ತು.) 'ಪಾಸ್‌ವರ್ಡ್ಸ್ ಅಂಡ್ ಕೀಸ್' ತೆರೆದು, 'ಲಾಗಿನ್' ಎಂಬ ಕೀರಿಂಗ್ ಮೇಲೆ ರೈಟ್ ಕ್ಲಿಕ್ ಮಾಡಿ, ಹಳೇದನ್ನು ಕೊಟ್ಟು, ಕೀರಿಂಗ್ ಮತ್ತು ಕಂಪ್ಯೂಟರ್ ಎರಡರ ಪಾಸ್‌ವರ್ಡ್ ಒಂದೇ ಮಾಡಿದೆ. ಗುರುವಾರದ ಚೌಕದಲ್ಲಿ "ಕಣ್ಣಿನ ತಪಾಸಣೆ, 11 ಗಂಟೆ" ಬಂದು ಕೂತಿತು.